ಆರು ಅಡಿ ಮೂರಂಗುಲ

ಹೆಣ್ಣುಮಕ್ಕಳ ಎತ್ತರಕ್ಕೂ ನಮ್ಮ ಸಮಾಜಕ್ಕೂ ಏನೋ ಒಂದು ಹಳೆಯ ಜಗಳವಿದೆ. ಕುಳ್ಳಗಿದ್ದರೆ 'ಕುಳ್ಳಿ' ಎನ್ನುತ್ತಾರೆ, ನಿಜ. ಆದರೆ ಆ ಕೊರತೆ ನೀಗಲು ಎತ್ತರದ ಹಿಮ್ಮಡಿಯ ಚಪ್ಪಲಿ ಅಂಗಡಿಯಲ್ಲಿ ಸಿಗುತ್ತದೆ. ಉದ್ದಕ್ಕೆ ಬೆಳೆದವಳು ಏನು ಮಾಡಬೇಕು? ಗಂಡುಮಗ ಎತ್ತರವಾಗಿದ್ದರೆ 'ಆಜಾನುಬಾಹು' ಎಂಬ ಪುರಾಣದ ಮಾತು ಸಿದ್ಧವಾಗಿರುತ್ತದೆ. ಅದೇ ಎತ್ತರ ಹೆಣ್ಣುಮಗಳಿಗೆ ಬಂದರೆ 'ತೆಂಗಿನಮರ', 'ಒಂಟೆ', 'ಏಣಿ'! ನಾನು ಐದು ಅಡಿ ಎಂಟಂಗುಲ ಇದ್ದೇನೆ. ಹೆಣ್ಣು ನೋಡಲು ಬರುವವರ ಮುಂದೆ ಕಾಫಿ ತಟ್ಟೆ ಹಿಡಿದು ಹೋಗುವಾಗಲೆಲ್ಲ ಅಮ್ಮ ಬಾಗಿಲ ಸಂದಿಯಿಂದ, "ಸ್ವಲ್ಪ ಬಗ್ಗಿ ನಿಂತ್ಕೊಳ್ಳೇ" ಎಂದು ಪಿಸುಗುಟ್ಟುತ್ತಿದ್ದಳು. ನನ್ನ ಯಜಮಾನರು ಐದು ಅಡಿ ಒಂಬತ್ತಂಗುಲ. ನಮ್ಮ ಜಾತಕದಲ್ಲಿ ಎಷ್ಟು ಗುಣ ಕೂಡಿತ್ತೋ ಯಾರಿಗೂ ನೆನಪಿಲ್ಲ. ಆ ಒಂದಂಗುಲ ಮಾತ್ರ ನಮ್ಮ ಬಂಧುಬಳಗಕ್ಕೆಲ್ಲ ಇಂದಿಗೂ ನೆನಪಿದೆ.

ಹಾಗಿರುವಾಗ, ಆರು ಅಡಿ ಮೂರಂಗುಲದ ಹೆಣ್ಣುಮಗಳೊಬ್ಬಳ ಕತೆ ನನ್ನನ್ನು ಹಿಡಿದು ಕೂರಿಸಿದ್ದರಲ್ಲಿ ಆಶ್ಚರ್ಯವೇನಿದೆ?

ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳು 2022ರಲ್ಲಿ ನನ್ನ ಮೊಬೈಲಿಗೆ ಒಂದು ಪುಟ್ಟ ಚಿತ್ರವನ್ನು ಕಳುಹಿಸಿ, "ಅಮ್ಮಾ, ಅಡಿಗೆ ಮುಗಿದ ಮೇಲೆ ನೋಡು" ಎಂದಿದ್ದಳು. ಇಪ್ಪತ್ತೆರಡು ನಿಮಿಷದ ಸಾಕ್ಷ್ಯಚಿತ್ರ. ಹೆಸರು 'ದಿ ಕ್ವೀನ್ ಆಫ್ ಬ್ಯಾಸ್ಕೆಟ್‌ಬಾಲ್'. ಬ್ಯಾಸ್ಕೆಟ್‌ಬಾಲ್ ಬಗ್ಗೆ ನನ್ನ ಜ್ಞಾನ ಅಷ್ಟಕ್ಕಷ್ಟೇ. ನಮ್ಮ ಕಾಲದಲ್ಲಿ ಹುಡುಗಿಯರಿಗೆ ಕೊಕ್ಕೊ, ಥ್ರೋಬಾಲ್, ಇಲ್ಲವೇ ರಿಂಗು. ಕಾಲೇಜಿನ ಮೈದಾನದಲ್ಲಿದ್ದ ಎರಡು ಕಂಬ, ಎರಡು ಬಳೆ ಹುಡುಗರ ಆಸ್ತಿ. ಆದರೆ ಚಿತ್ರ ನೋಡಲು ಆಟ ಗೊತ್ತಿರಬೇಕಾಗಿರಲಿಲ್ಲ. ಅರವತ್ತು ದಾಟಿದ, ತುಂಬು ಮೈಯ ಕಪ್ಪು ಹೆಂಗಸೊಬ್ಬಳು ಕ್ಯಾಮೆರಾದ ಎದುರು ಕುಳಿತು ತನ್ನ ಕತೆಯನ್ನು ತಾನೇ ಹೇಳುತ್ತಾಳೆ. ನಡುನಡುವೆ ಹೊಟ್ಟೆತುಂಬ ನಗುತ್ತಾಳೆ. ಅಷ್ಟೇ. ಒಲೆಯ ಮೇಲಿಟ್ಟ ಹಾಲು ಉಕ್ಕಿದ್ದೂ ನನಗೆ ತಿಳಿಯಲಿಲ್ಲ.

ಆಕೆಯ ಹೆಸರು ಲೂಸಿಯಾ ಹ್ಯಾರಿಸ್. ಎಲ್ಲರ ಬಾಯಲ್ಲಿ ಲೂಸಿ. ನನಗಿಂತ ಬಹಳ ಹಿರಿಯಳು. ಆದರೂ ಏಕವಚನದಲ್ಲಿಯೇ ಕರೆಯುತ್ತಿದ್ದೇನೆ, ಮನೆಯ ದೊಡ್ಡಕ್ಕನನ್ನು ಕರೆಯುವ ಸಲಿಗೆಯಲ್ಲಿ.

ಲೂಸಿ ಹುಟ್ಟಿದ್ದು 1955ರ ಫೆಬ್ರವರಿ 10ರಂದು, ಅಮೆರಿಕದ ಮಿಸಿಸಿಪಿ ರಾಜ್ಯದ ಮಿಂಟರ್ ಸಿಟಿ ಎಂಬಲ್ಲಿ. ಹೆಸರಿನಲ್ಲಿ ಸಿಟಿ ಇದೆಯೆಂದು ಪಟ್ಟಣವೆಂದುಕೊಳ್ಳಬೇಡಿ. ಹತ್ತಿಯ ಹೊಲಗಳ ನಡುವಿನ ಹಳ್ಳಿ ಅದು. ಹನ್ನೊಂದು ಮಕ್ಕಳ ಸಂಸಾರ, ಲೂಸಿ ಹತ್ತನೆಯವಳು. ತಂದೆ ತಾಯಿ ಮಣ್ಣಿನಲ್ಲಿ ದುಡಿಯುವವರು. ಮಕ್ಕಳೂ ಹೊಲಕ್ಕಿಳಿದು ಹತ್ತಿ ಬಿಡಿಸಬೇಕು. ಕರಿಯರೂ ಬಿಳಿಯರೂ ಒಂದೇ ಶಾಲೆಯಲ್ಲಿ ಕೂರುವಂತಿಲ್ಲ ಎಂದು ನಡೆದುಬಂದಿದ್ದ ಸೀಮೆ. ಆಕೆ ಹುಟ್ಟುವ ಹಿಂದಿನ ವರ್ಷವಷ್ಟೇ, 1954ರಲ್ಲಿ, ಅಂಥ ಬೇರ್ಪಡೆ ಸಲ್ಲದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತ್ತು. ತೀರ್ಪು ಕಾಗದದಿಂದಿಳಿದು ಹಳ್ಳಿಗೆ ಬರಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ಸಮಾಜಶಾಸ್ತ್ರ ಪಾಠ ಮಾಡುವ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಈ ಹುಡುಗಿ ಕೌದಿಯನ್ನು ತಲೆಯ ಮೇಲೆ ಹೊದ್ದು, ಟಿ.ವಿ.ಯ ಬೆಳಕು ಹೊರಗೆ ಕಾಣದಂತೆ ಮಾಡಿ, ಬ್ಯಾಸ್ಕೆಟ್‌ಬಾಲ್ ಪಂದ್ಯ ನೋಡುತ್ತಿದ್ದಳಂತೆ. ಆಸ್ಕರ್ ರಾಬರ್ಟ್‌ಸನ್ ಎಂಬ ಆಟಗಾರನೆಂದರೆ ಪ್ರಾಣ. ಬೆಳಿಗ್ಗೆ ಎದ್ದರೆ ಶಾಲೆಯಲ್ಲಿ ಹಾಸ್ಯ, ಉದ್ದವಾಗಿರುವುದು ಬಿಟ್ಟರೆ ನಿನ್ನಲ್ಲಿ ಬೇರೇನೂ ಇಲ್ಲ ಎಂದು. ಅಲ್ಲಿಯ ಮಕ್ಕಳೂ ನಮ್ಮ ಮಕ್ಕಳ ಹಾಗೆಯೇ ನೋಡಿ, ಪ್ರಾಸ ಕಟ್ಟಿಯೇ ಚುಚ್ಚುತ್ತಿದ್ದವು! ಆದರೆ ಆ ಎತ್ತರಕ್ಕೆ ತಕ್ಕ ಜಾಗವೊಂದಿದೆ ಎಂದು ಆಟ ಅವಳಿಗೆ ಹೇಳಿಕೊಟ್ಟಿತು. ಹತ್ತು ಅಡಿ ಮೇಲಿರುವ ಬಳೆಯ ಕೆಳಗೆ ನಿಂತಾಗ ಯಾರೂ ಅವಳಿಗೆ ಬಗ್ಗಿ ನಿಲ್ಲೆಂದು ಹೇಳಲಿಲ್ಲ. ಗ್ರೀನ್‌ವುಡ್‌ನ ಅಮಾಂಡಾ ಎಲ್ಜಿ ಪ್ರೌಢಶಾಲೆಯಲ್ಲಿ ಓದುವಾಗ ಒಂದೇ ಪಂದ್ಯದಲ್ಲಿ 46 ಅಂಕ ಗಳಿಸಿದ್ದಳು.

ಮುಂದೆ ಸೇರಬೇಕೆಂದಿದ್ದ ಕಾಲೇಜಿನಲ್ಲಿ ಹುಡುಗಿಯರ ತಂಡವೇ ಇರಲಿಲ್ಲ. ಆಟ ಅಲ್ಲಿಗೇ ಮುಗಿಯಬೇಕಾಗಿತ್ತು. ಅಷ್ಟರಲ್ಲಿ ಕ್ಲೀವ್‌ಲ್ಯಾಂಡ್ ಎಂಬ ಸಣ್ಣ ಊರಿನ ಡೆಲ್ಟಾ ಸ್ಟೇಟ್‌ನಿಂದ ಕರೆ ಬಂತು. ಅಲ್ಲಿ ತರಬೇತಿ ಕೊಡುತ್ತಿದ್ದಾಕೆ ಮಾರ್ಗರೆಟ್ ವೇಡ್. ಈಕೆಯದೇ ಇನ್ನೊಂದು ಕತೆ. ತಾನು ಅದೇ ಕಾಲೇಜಿನಲ್ಲಿ ಓದುತ್ತ ಆಡುತ್ತಿದ್ದಾಗ, 1932ರಲ್ಲಿ, ಈ ಆಟ ಕೋಮಲೆಯರಾದ ಹೆಣ್ಣುಮಕ್ಕಳಿಗೆ ತೀರ ಆಯಾಸದ್ದು ಎಂದು ಕಾಲೇಜು ತಂಡವನ್ನೇ ಮುಚ್ಚಿಬಿಟ್ಟಿತು. ಹುಡುಗಿಯರು ಅತ್ತು, ತಮ್ಮ ಆಟದ ಉಡುಪುಗಳನ್ನು ಸುಟ್ಟರಂತೆ. ಹತ್ತಿ ಬಿಡಿಸುವ ಹೆಂಗಸಿಗೆ ಆಗದ ಆಯಾಸ, ಹತ್ತು ಮಕ್ಕಳನ್ನು ಹೆರುವವಳಿಗೆ ಆಗದ ಆಯಾಸ, ಚೆಂಡು ಎಸೆಯುವವಳಿಗೆ ಆಗುತ್ತದೆಂದು ಯಾರು ಕಂಡುಹಿಡಿದರೋ! ನಲವತ್ತೊಂದು ವರ್ಷದ ಮೇಲೆ, 1973ರಲ್ಲಿ, ಅದೇ ಕಾಲೇಜು ತಂಡವನ್ನು ಮತ್ತೆ ಕಟ್ಟಲು ಅರವತ್ತು ವರ್ಷದ ಅದೇ ಮಾರ್ಗರೆಟ್ಟಳನ್ನು ಕರೆಯಿತು. ಅದಕ್ಕೆ ಹಿಂದಿನ ವರ್ಷ, 1972ರಲ್ಲಿ, ಸರಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಸಲ್ಲದೆಂದು ಅಮೆರಿಕದಲ್ಲಿ ಕಾಯಿದೆ ಬಂದಿತ್ತು. ಆ ಕಾಯಿದೆಯ ಬಾಗಿಲಿನಿಂದ ಒಳಬಂದವರಲ್ಲಿ ಲೂಸಿಯೂ ಒಬ್ಬಳು. ತಂಡದಲ್ಲಿ ಅವಳೊಬ್ಬಳೇ ಕಪ್ಪು ಹುಡುಗಿ.

ಆಮೇಲೆ ನಡೆದದ್ದನ್ನು ಅಂಕಿಗಳಲ್ಲಿ ಹೇಳಿದರೆ ಸಾಕು. 1975, 1976, 1977, ಮೂರು ವರ್ಷ ಸತತವಾಗಿ ಕಾಲೇಜು ಮಹಿಳೆಯರ ರಾಷ್ಟ್ರೀಯ ಪ್ರಶಸ್ತಿ. ಮೊದಲ ವರ್ಷ ಫೈನಲ್ಲಿನಲ್ಲಿ ಸೋಲಿಸಿದ್ದು, ಅದಕ್ಕೆ ಮುಂಚೆ ಮೂರು ವರ್ಷ ಗೆದ್ದು ಬೀಗುತ್ತಿದ್ದ ಇಮ್ಯಾಕ್ಯುಲೇಟಾ ಕಾಲೇಜನ್ನು. ಲೂಸಿಯ ನಾಲ್ಕು ವರ್ಷದಲ್ಲಿ ತಂಡ ಆಡಿದ್ದು 115 ಪಂದ್ಯ, ಗೆದ್ದದ್ದು 109. ಅವಳು ಗಳಿಸಿದ ಅಂಕ 2,981. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ದೊಡ್ಡ ಕ್ರೀಡಾಂಗಣದಲ್ಲಿ 1977ರಲ್ಲಿ ಒಂದೇ ಪಂದ್ಯದಲ್ಲಿ 47 ಅಂಕ. ಹತ್ತಿ ಹೊಲದ ಹುಡುಗಿಯನ್ನು ನೋಡಲು ಜನ ಟಿಕೆಟ್ ಕೊಂಡು ಬಂದರು. ಕಪ್ಪು ಹುಡುಗಿಯರು ಕಾಲಿಡುವುದೇ ಅಪರೂಪವಾಗಿದ್ದ ಕಾಲೇಜಿನಲ್ಲಿ, ವಾರ್ಷಿಕ ಉತ್ಸವದ ರಾಣಿಯಾಗಿಯೂ ಅವಳನ್ನೇ ಆರಿಸಿದರು. ಆ ಕಿರೀಟ ತೊಟ್ಟ ಮೊದಲ ಕಪ್ಪು ಹುಡುಗಿ ಅವಳು.

1976ರ ಮಾಂಟ್ರಿಯಲ್ ಒಲಿಂಪಿಕ್ಸ್. ಮಹಿಳೆಯರ ಬ್ಯಾಸ್ಕೆಟ್‌ಬಾಲನ್ನು ಒಲಿಂಪಿಕ್ಸಿಗೆ ಸೇರಿಸಿದ್ದೇ ಆ ವರ್ಷ. ಮೊದಲ ಪಂದ್ಯ ಅಮೆರಿಕ ಮತ್ತು ಜಪಾನ್ ನಡುವೆ. ಮೊದಲ ಚೆಂಡನ್ನು ಬಳೆಯೊಳಗೆ ಹಾಕಿದವಳು ಲೂಸಿ. ಇನ್ನು ಮುಂದೆ ಎಷ್ಟು ಒಲಿಂಪಿಕ್ಸ್ ನಡೆದರೂ, ಎಷ್ಟು ಸಾವಿರ ಹೆಣ್ಣುಮಕ್ಕಳು ಚೆಂಡು ಹಾಕಿದರೂ, ಮೊದಲನೆಯದು ಅವಳದೇ. ಆ ಪಂದ್ಯವನ್ನು ಅಮೆರಿಕ ಸೋತಿತೆನ್ನುವುದು ಬೇರೆ ಮಾತು. ಕೊನೆಗೆ ಸೋವಿಯತ್ ರಷ್ಯಕ್ಕೆ ಚಿನ್ನ, ಇವರಿಗೆ ಬೆಳ್ಳಿ. ಆ ರಷ್ಯದ ತಂಡದಲ್ಲಿ ಉಲ್ಯಾನಾ ಸೆಮ್ಯೊನೊವಾ ಎಂಬಾಕೆ ಸುಮಾರು ಏಳು ಅಡಿ ಇದ್ದಳು. ನಮ್ಮ ಲೂಸಿಯೂ ಒಬ್ಬಳ ಮುಖ ನೋಡಲು ಕತ್ತೆತ್ತಬೇಕಾಯಿತು ಎಂದು ನೆನೆದರೆ ನನಗೇಕೋ ನಗು ಬರುತ್ತದೆ.

ಇಷ್ಟಾದ ಮೇಲೆ 1977ರಲ್ಲಿ ಬಂದದ್ದು ಯಾರೂ ನಿರೀಕ್ಷಿಸದ ಕರೆ. ಅಮೆರಿಕದಲ್ಲಿ ಗಂಡಸರ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡಗಳು ವರ್ಷಕ್ಕೊಮ್ಮೆ ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಆ ವರ್ಷ ನ್ಯೂ ಆರ್ಲಿಯನ್ಸ್ ಜಾಜ್ ಎಂಬ ತಂಡ ಏಳನೆಯ ಸುತ್ತಿನಲ್ಲಿ, 137ನೆಯ ಹೆಸರಾಗಿ, ಲೂಸಿಯಾ ಹ್ಯಾರಿಸ್ ಎಂದು ಕೂಗಿತು. ಅದಕ್ಕೆ ಮುಂಚೆ 1969ರಲ್ಲಿ ಒಬ್ಬ ಹುಡುಗಿಯ ಹೆಸರನ್ನು ಇನ್ನೊಂದು ತಂಡ ಕೂಗಿದ್ದರೂ ಅದು ಸಲ್ಲದೆಂದು ತಳ್ಳಿಹಾಕಿದ್ದರು. ಲೂಸಿಯ ಆಯ್ಕೆ ಮಾತ್ರ ಅಧಿಕೃತವಾಗಿ ನಿಂತಿತು. ಅವಳು ಹೋಗಲಿಲ್ಲ! ಆ ವರ್ಷದ ಆರಂಭದಲ್ಲಿ ಜಾರ್ಜ್ ಸ್ಟೀವರ್ಟ್ ಎಂಬ ತನ್ನ ಹೈಸ್ಕೂಲು ಕಾಲದ ಗೆಳೆಯನನ್ನು ಮದುವೆಯಾಗಿದ್ದಳು. ಆಗಲೇ ಬಸುರಿ. ಇದೇನೋ ಪ್ರಚಾರಕ್ಕೆ ಮಾಡಿದ್ದೆಂಬ ಅನುಮಾನ ಬೇರೆ. ಆ ಗಂಡಸರ ನಡುವೆ ತಾನು ಆಡಲಾರೆನೆಂಬ ತಿಳಿವಳಿಕೆಯೂ ಇತ್ತು. ಆ ತೀರ್ಮಾನಕ್ಕಾಗಿ ತನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲವೆಂದು ಚಿತ್ರದಲ್ಲಿ ನಗುನಗುತ್ತಲೇ ಹೇಳುತ್ತಾಳೆ.

ಈ ಭಾಗವನ್ನು ನನ್ನ ಸಹೋದ್ಯೋಗಿಗಳಿಗೆ ಹೇಳಿದಾಗ ಎರಡು ಪಂಗಡಗಳಾದವು. ಒಂದು ಪಂಗಡದವರು "ನೋಡಿ, ಎಷ್ಟಾದರೂ ತಾಯಿ! ಸಂಸಾರವೇ ದೊಡ್ಡದೆಂದು ತ್ಯಾಗ ಮಾಡಿದಳು" ಎಂದರು. ಇನ್ನೊಂದು ಪಂಗಡದವರು "ಅಯ್ಯೋ, ಮದುವೆ ಮಾಡಿಕೊಂಡು ಎಲ್ಲ ಹಾಳುಮಾಡಿಕೊಂಡಳು" ಎಂದರು. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಹೆಂಗಸು ಏನನ್ನಾದರೂ ಬೇಡವೆಂದರೆ ಅದು ತ್ಯಾಗವಾಗಿರಬೇಕು, ಇಲ್ಲವೇ ತಪ್ಪಾಗಿರಬೇಕು, ಬರಿಯ ತೀರ್ಮಾನ ಆಗಿರಬಾರದೇ? ಗಂಡಸರ ತಂಡಕ್ಕೆ ಹೋಗದೆ ಇದ್ದದ್ದು ಅವಳ ನಷ್ಟವೆಂದು ನನಗನ್ನಿಸಲಿಲ್ಲ. ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಅವಳ ಜೊತೆ ಅದೇ ವರ್ಷ ಕಾಲೇಜು ಮುಗಿಸಿದ ಒಳ್ಳೆಯ ಆಟಗಾರನಿಗೆ ಸಂಬಳ, ಮನೆ, ಹೆಸರು ಎಲ್ಲ ಕಾದಿದ್ದವು. ಇವಳಿಗೆ ಕಾದಿದ್ದದ್ದು ಗಂಡಸರ ಬಾಗಿಲು ಒಂದೇ, ಅದೂ ಅರ್ಧ ತೆರೆದದ್ದು. ಹೆಂಗಸರಿಗೆಂದೇ ಒಂದು ವೃತ್ತಿಪರ ಲೀಗು ಆಗ ಅಮೆರಿಕದಲ್ಲಿ ಇರಲೇ ಇಲ್ಲ. 1978ರಲ್ಲಿ ಒಂದು ಶುರುವಾಯಿತು. ಮಗುವಾದ ಮೇಲೆ ಲೂಸಿ 1979-80ರಲ್ಲಿ ಅದರ ಹೂಸ್ಟನ್ ಏಂಜಲ್ಸ್ ತಂಡಕ್ಕೆ ಆಡಿದಳು. ಅದೊಂದೇ ಋತು. 1981ರ ಹೊತ್ತಿಗೆ ಆ ಲೀಗೇ ಮುಚ್ಚಿಹೋಯಿತು. ಇವತ್ತು ಜಗತ್ತಿಗೆಲ್ಲ ಗೊತ್ತಿರುವ ಡಬ್ಲ್ಯೂಎನ್‌ಬಿಎ ಆಟ ಆರಂಭಿಸಿದ್ದು 1997ರಲ್ಲಿ. ಆಗ ಲೂಸಿಗೆ ನಲವತ್ತೆರಡು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಹಸಿದವಳ ಹಲ್ಲು ಉದುರಿತ್ತು.

ಇನ್ನು ಮುಂದಿನ ಭಾಗವನ್ನು ನಾನು ಸ್ಟಾಫ್ ರೂಮಿನಲ್ಲಿ ಹೇಳಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಲೂಸಿಗೆ ಮನಸ್ಸಿನ ಕಾಯಿಲೆಯಿತ್ತು. ಬೈಪೋಲಾರ್ ಎನ್ನುತ್ತಾರೆ. ಕೆಲವು ಕಾಲ ಮನಸ್ಸು ಗಾಳಿಪಟದಂತೆ ಏರುತ್ತದೆ, ಕೆಲವು ಕಾಲ ಬಾವಿಯ ತಳಕ್ಕೆ ಬೀಳುತ್ತದೆ. ಅವಳು ಇದನ್ನು ಮುಚ್ಚಿಡಲಿಲ್ಲ. ಒಲಿಂಪಿಕ್ಸಿನ ಮಾತು ಹೇಳಿದ ಬಾಯಲ್ಲೇ ಇದನ್ನೂ ಹೇಳಿದಳು. ಆ ಮಾತು ಕೇಳಿದಾಗ ನನಗೆ ಮೊಬೈಲಿನ ಆ ಮುಖ ಮರೆಯಾಗಿ ನಮ್ಮ ಚಿಕ್ಕಮ್ಮನ ಮುಖ ಕಂಡಿತು.

ಚಿಕ್ಕಮ್ಮ ಅಮ್ಮನ ಕೊನೆಯ ತಂಗಿ. ಹುಟ್ಟಿದ್ದೂ 1955ರಲ್ಲೇ. ಪ್ರೈಮರಿ ಶಾಲೆಯಲ್ಲಿ ಟೀಚರ್. ಮಗ್ಗಿಯನ್ನು ಹಾಡು ಮಾಡಿ ಕಲಿಸುತ್ತಿದ್ದಳು. ಎರಡನೆಯ ಬಾಣಂತನದ ಮೇಲೆ ಶುರುವಾಯಿತು. ಬೆಳಗಿನ ಜಾವ ಮೂರಕ್ಕೇ ಎದ್ದು ಅಟ್ಟದ ಮೇಲಿನ ಪಾತ್ರೆಗಳನ್ನೆಲ್ಲ ಇಳಿಸಿ ಉಜ್ಜುವಳು. ಒಂದೇ ಮಧ್ಯಾಹ್ನ ಕಂತಿನ ಮೇಲೆ ಆರು ಸೀರೆ ಕೊಳ್ಳುವಳು. ಆಮೇಲೆ ವಾರಗಟ್ಟಲೆ ಗೋಡೆಯ ಕಡೆ ಮುಖ ಮಾಡಿ ಮಲಗುವಳು. ಮೊದಮೊದಲು 'ಗಾಳಿ ಸೋಕಿದೆ' ಎಂದರು. ತಾಯಿತ ಕಟ್ಟಿಸಿದರು. ಕೊನೆಗೆ ಯಾರೋ ಪುಣ್ಯಾತ್ಮರ ಮಾತು ಕೇಳಿ ಮೈಸೂರಿನಲ್ಲಿ ಡಾಕ್ಟರಿಗೆ ತೋರಿಸಿದ ಮೇಲೆ, ಮಾತ್ರೆ ತೆಗೆದುಕೊಂಡಷ್ಟು ದಿನ ನೆಟ್ಟಗಾದಳು. ಆ ಮಾತ್ರೆಗಳಿಗೆ ನಮ್ಮ ಮನೆಯಲ್ಲಿ 'ಬಿ.ಪಿ. ಮಾತ್ರೆ' ಎಂದು ಹೆಸರು. ಶಾಲೆಗೆ ಕಳುಹಿಸುವ ರಜೆ ಚೀಟಿಯಲ್ಲಿ ಮಾತ್ರ 'ಕಾಮಾಲೆ'. ವರ್ಷಕ್ಕೊಮ್ಮೆ ಕಾಮಾಲೆಯಾಗುವ ಹೆಂಗಸನ್ನು ಊರವರು ಅದ್ಹೇಗೆ ನಂಬಿದರೋ! ನಂಬಿರಲಿಲ್ಲ, ಬಿಡಿ. ಅವರಿಗೆ ಗೊತ್ತು, ನಮಗೆ ಗೊತ್ತಿರುವುದೂ ಅವರಿಗೆ ಗೊತ್ತು. ಆದರೂ ಬಾಯಿ ಬಿಡುವಂತಿಲ್ಲ. ಮನೆಯಲ್ಲಿ ಮದುವೆಗೆ ಹೆಣ್ಣುಮಕ್ಕಳಿದ್ದೆವಲ್ಲ! 2009ರಲ್ಲಿ ಚಿಕ್ಕಮ್ಮ ತೀರಿಕೊಂಡಳು. ಅವಳ ಕಾಯಿಲೆಯ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಒಂದು ದಿನವೂ ಉಚ್ಚರಿಸಲಿಲ್ಲ. ಅವಳೂ ಕೂಡ.

ಮೊದಲು ಉಚ್ಚರಿಸಿದವಳು ನನ್ನ ಮಗಳು. ಕಳೆದ ವರ್ಷ ಅವಳಿಗೊಂದು ಸಂಬಂಧ ಬಂದಿತ್ತು. ಒಳ್ಳೆಯ ಜನ, ಹುಡುಗ ಆರಡಿ ಇದ್ದಾನೆಂದು ನನಗಂತೂ ಜೀವ ತಣ್ಣಗಾಗಿತ್ತು. ಮಾತಿನ ನಡುವೆ ಹುಡುಗನ ತಾಯಿ, "ನಿಮ್ಮ ಕಡೆ ಯಾರಿಗಾದ್ರೂ ಕಾಯಿಲೆ ಕಸಾಲೆ ಏನಾದ್ರೂ ಇದ್ಯಾ?" ಎಂದರು. ಕೇಳುವ ವಾಡಿಕೆ, ಕೇಳಿದರು. ಇಲ್ಲವೆನ್ನುವುದೂ ವಾಡಿಕೆಯೇ. ಮಗಳು ಮಾತ್ರ ತಲೆಯೆತ್ತಿ, "ಅಮ್ಮನ ಚಿಕ್ಕಮ್ಮನಿಗೆ ಬೈಪೋಲಾರ್ ಇತ್ತು ಆಂಟಿ. ಮಾತ್ರೆ ತಗೊಂಡು ಇಪ್ಪತ್ತು ವರ್ಷ ಪಾಠ ಮಾಡಿದ್ರು" ಎಂದುಬಿಟ್ಟಳು. ಅವರು ಕಾಫಿ ಕುಡಿದು, ನಗುಮುಖದಿಂದಲೇ ಹೋದರು. ಮತ್ತೆ ಫೋನ್ ಬರಲಿಲ್ಲ. ನಮ್ಮ ಯಜಮಾನರು ನಾಲ್ಕು ದಿನ ಮೊಬೈಲನ್ನು ಸ್ನಾನದ ಮನೆಯ ಬಾಗಿಲವರೆಗೂ ಹಿಡಿದುಕೊಂಡೇ ಹೋಗುತ್ತಿದ್ದರು. ನನ್ನ ಮುಖ ನೋಡಿ ಮಗಳೇ ಸಮಾಧಾನ ಹೇಳಿದಳು: "ಲೂಸಿ ಇಡೀ ಪ್ರಪಂಚದ ಮುಂದೆ ಹೇಳಿದ್ಲು. ನಾನು ನಾಲ್ಕು ಜನರ ಮುಂದೆ ಹೇಳ್ದೆ, ಅಷ್ಟೇ ಅಲ್ವೇನಮ್ಮ?" ಸಂಬಂಧ ತಪ್ಪಿದ್ದು ನೋವೇ. ನೋವಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಆದರೆ ಅಂದು ರಾತ್ರಿ ನಾವಿಬ್ಬರೂ ಕೂತು ಚಿಕ್ಕಮ್ಮನ ಬಗ್ಗೆ ಎಷ್ಟೋ ಹೊತ್ತು ಮಾತಾಡಿದೆವು. ಅವಳು ಸತ್ತ ಮೇಲೆ ಅವಳ ಬಗ್ಗೆ ದನಿ ತಗ್ಗಿಸದೆ ಮಾತಾಡಿದ್ದು ಅದೇ ಮೊದಲು.

ಲೂಸಿಯ ಕತೆಗೆ ಮರಳುತ್ತೇನೆ. ತಾನು ಓದಿದ ಡೆಲ್ಟಾ ಸ್ಟೇಟ್‌ನಲ್ಲೇ ಸಹಾಯಕ ತರಬೇತುದಾರಳಾಗಿದ್ದಳು. ಅಲ್ಲಿಯೇ 1984ರಲ್ಲಿ ಸ್ನಾತಕೋತ್ತರ ಪದವಿ ಪಡೆದಳು. ಟೆಕ್ಸಾಸಿನ ಒಂದು ವಿಶ್ವವಿದ್ಯಾಲಯದಲ್ಲಿ ತಂಡಕ್ಕೆ ತರಬೇತಿ ಕೊಟ್ಟಳು. ನಾಲ್ಕು ಮಕ್ಕಳು; ಅವರಲ್ಲಿ ಇಬ್ಬರು ಅವಳಿ ಹೆಣ್ಣುಮಕ್ಕಳು. ಆಮೇಲೆ ಮಿಸಿಸಿಪಿಗೆ ಹಿಂದಿರುಗಿ, ತಾನು ಕಲಿತ ಅದೇ ಅಮಾಂಡಾ ಎಲ್ಜಿ ಪ್ರೌಢಶಾಲೆಯಲ್ಲಿ ಟೀಚರಾಗಿ, ಆಟದ ಗುರುವಾಗಿ ಕೆಲಸ ಮಾಡಿದಳು. 1992ರಲ್ಲಿ ಬ್ಯಾಸ್ಕೆಟ್‌ಬಾಲಿನ ಕೀರ್ತಿಮಂದಿರ ಅವಳನ್ನು ಸೇರಿಸಿಕೊಂಡಿತು. ಆ ಗೌರವ ಪಡೆದ ಮೊದಲ ಕಪ್ಪು ಮಹಿಳೆ. ಇಷ್ಟಾದರೂ ಅವಳ ಹೆಸರು ಅವಳದೇ ದೇಶದ ಬಹುಜನಕ್ಕೆ ತಿಳಿದಿರಲಿಲ್ಲ. 2021ರಲ್ಲಿ ಬೆನ್ ಪ್ರೌಡ್‌ಫುಟ್ ಎಂಬ ನಿರ್ದೇಶಕ ಈ ಚಿತ್ರ ಮಾಡಿದ ಮೇಲೆ ಜನ 'ಯಾರೀಕೆ?' ಎಂದು ಹುಡುಕತೊಡಗಿದರು. ಇಂದಿನ ದೊಡ್ಡ ಆಟಗಾರರು ಚಿತ್ರದ ಬೆನ್ನಿಗೆ ನಿಂತರು. 2022ರ ಜನವರಿ 18ರಂದು, ಅರವತ್ತಾರನೆಯ ವಯಸ್ಸಿನಲ್ಲಿ, ಲೂಸಿ ತೀರಿಕೊಂಡಳು. ಮಾರ್ಚ್ 27ರಂದು ಆ ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂತು. ಎರಡು ತಿಂಗಳು, ಒಂಬತ್ತು ದಿನ ತಡ. ಅವಳ ಬಾಳಿನಲ್ಲಿ ಬಾಗಿಲುಗಳೆಲ್ಲ ಹೀಗೆಯೇ, ತೆರೆದವು, ಸ್ವಲ್ಪ ತಡವಾಗಿ.

ಚಿತ್ರದ ಕತೆಯನ್ನು ಸ್ಟಾಫ್ ರೂಮಿನಲ್ಲಿ ಹೇಳಿ ಮುಗಿಸಿದ ದಿನ, ನಮ್ಮ ಗಣಿತದ ಮೇಡಂ ಡಬ್ಬಿಯ ಮುಚ್ಚಳ ಹಾಕುತ್ತ ಒಂದು ನಿಟ್ಟುಸಿರು ಬಿಟ್ಟರು. "ಒಲಿಂಪಿಕ್ಸ್‌ನಲ್ಲಿ ಆಡಿದ ಹೆಂಗಸು, ಕೊನೆಗೆ ಬರೀ ಹೈಸ್ಕೂಲ್ ಟೀಚರ್ ಆಗಿಬಿಟ್ಲಲ್ರೀ, ಪಾಪ!"

ಹೇಳಿದವರಿಗೆ ಮೂವತ್ತು ವರ್ಷ ಸರ್ವಿಸ್. ಕೇಳಿಸಿಕೊಂಡ ನಾವು ಏಳು ಜನಕ್ಕೂ ಕೂಡಿದರೆ ನೂರೈವತ್ತರ ಮೇಲಾಗುತ್ತದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಮೊದಲು ನಕ್ಕವರು ಆ ಮೇಡಮ್ಮೇ. ಅವರು ನಕ್ಕದ್ದು ನೋಡಿ ಎಲ್ಲರೂ ನಕ್ಕೆವು. ಹಿಂದಿ ಮೇಡಮ್ಮಿಗಂತೂ ನೆತ್ತಿಗೆ ಹತ್ತಿ ನೀರು ಕುಡಿಸಬೇಕಾಯಿತು. ಅಷ್ಟರಲ್ಲಿ ಬೆಲ್ ಹೊಡೆಯಿತು. ವೇಳಾಪಟ್ಟಿಯ ಪ್ರಕಾರ ಒಂಬತ್ತನೆಯ 'ಬಿ' ವಿಭಾಗದ ಹುಡುಗಿಯರಿಗೆ ಅದು ಆಟದ ಪಿರಿಯಡ್. ಬಾಕಿ ಉಳಿದ ಪಾಠಕ್ಕಾಗಿ ಆ ಪಿರಿಯಡ್ ಕೇಳಿ ಪಡೆಯುವುದು ನಮ್ಮಲ್ಲಿ ರೂಢಿ. ಗಣಿತದ ಮೇಡಂ ಎದ್ದವರು ಪುಸ್ತಕ ತೆಗೆದುಕೊಂಡರು, ಒಂದು ಗಳಿಗೆ ನಿಂತರು, ಪುಸ್ತಕವನ್ನು ಮತ್ತೆ ಮೇಜಿನ ಮೇಲಿಟ್ಟು, ಪಿ.ಟಿ. ಮೇಷ್ಟ್ರನ್ನು ಕರೆಯಲು ಜವಾನನನ್ನು ಕಳುಹಿಸಿದರು.